ಬಾಯಿಲ್ಲದ ಹುಳಾ ಕಟ್ಟತಿದ್ದ ಚಾಚಾ

ನಮ್ಮ ಓಣ್ಯಾಗಿನ ಚಾಚಾಗ ಮೀನ ಅಂದ್ರ ಆಗತಿರಲಿಲ್ಲ. ಸಂತ್ಯಾಗ ಮೀನ ಮಾರೋ ಕಡೆ ಹಾಯೋ ಪ್ರಸಂಗ ಬಂದ್ರ ಹೆಗಲ ಮ್ಯಾಲಿನ ರುಮಾಲ ಮೂಗಿಗೆ ಹಿಡಕೊಂಡ ಲಗೂ ಲಗೂ ದಾಟತಿದ್ರು. ಅಂಥ ಮನುಷ್ಯಾ ತನ್ನ ಆಯುಷ್ಯದಾಗಿನ ಮೂವತ್ತ ವರ್ಷ ಮೀನಕ್ಕ ಹುಳಾ ಕಟ್ಟಿದ್ರು. ಖರೇ ಹುಳಾ ಅಲ್ಲ ಮತ್ತ. ಹುಂಜದ ಗರಿ, ರೇಷ್ಮಿ ಎಳಿ, ಒಂದ ಚೂರ ಕುರಿ ಕೂದಲದ ಉಣ್ಣಿ, ಇಷ್ಟರಾಗ ಮಾಡಿದ ಸುಳ್ಳ ಹುಳಾ. ಒಳಗ ಒಂದ ಗಾಳದ ಮುಳ್ಳ. ಗಜೇಂದ್ರಗಡದಿಂದ ಮುಂಬೈಗೆ, ಮುಂಬೈಯಿಂದ ಯಾವುದೋ ಥಂಡಿ ದೇಶಕ್ಕ ಅವು ಹೋಗತಿದ್ದವು. ಅಲ್ಲಿ ದೊಡ್ಡ ದೊಡ್ಡ ಕೆರಿ ಅದಾವಂತ, ಅದರಾಗ ಮೈತುಂಬ ಚುಕ್ಕಿ ಇರೋ ಟ್ರೌಟ್ ಅನ್ನೋ ಮೀನ ಅದಾವಂತ. ನಾವು ಚುಕ್ಕಿ ಮೀನ ಅಂತಿದ್ವಿ. ಆ ಮೀನ ನಮ್ಮ ಹುಳಾ ಖರೇ ಅಂತ ತಿಳಕೊಂಡ ಬಾಯಿ ಹಾಕಬೇಕು. ಅದ ನಮ್ಮ ಕೆಲಸ.

ಅವರು ತೀರಿಕೊಂಡ ಸುದ್ದಿ ನನಗ ಎಂಟ ದಿವಸ ತಡಾ ಮುಟ್ಟಿತು. ನಾ ಈಗ ರೋಣದಾಗ ಇರತೀನಿ, ಹೆಣ್ಮಕ್ಕಳ ಬ್ಲೌಸ್ ಹೊಲೀತೀನಿ. ಗಜೇಂದ್ರಗಡದಾಕಿ ಒಬ್ಬಾಕಿ ಅಳತಿ ಕೊಡಕೋತ ನಿಂತಾಗ, ‘ಹುಳದ ಚಾಚಾ ಹೋದ್ರಲ್ಲ, ನಿನಗ ಗೊತ್ತಿಲ್ಲೇನು?’ ಅಂದ್ಲು. ಟೇಪ್ ಅಕಿ ಸೊಂಟಕ್ಕ ಸುತ್ತಿದ್ದೆ, ಎಷ್ಟ ಇಂಚ ಅನ್ನೂದು ಕಣ್ಣಿಗೆ ಕಾಣಲಿಲ್ಲ. ಅಳಬೇಕಂದ್ರ ಅಳೂನೂ ಬರಲಿಲ್ಲ. ಅವರಿಗೆ ನಾ ಹೇಳೂದು ಒಂದ ಮಾತಿತ್ತು. ಹನ್ನೊಂದ ವರ್ಷ ಅದನ್ನ ಗಂಟಲಾಗ ಇಟಗೊಂಡ ಕುಂತಿದ್ದೆ. ಈ ಸಲ ಹೇಳತೀನಿ, ಮುಂದಿನ ಸಲ ಹೇಳತೀನಿ ಅಂತ ದೂಡಕೋತ ಬಂದೆ. ನನ್ನಂಥ ಹೇಡಿ ಮತ್ತೊಬ್ಬಾಕಿ ಇಲ್ಲ.

ನಮ್ಮ ಅತ್ತಿ ಮನಿ ನೇಕಾರರದ್ದು. ಮನ್ಯಾಗ ಒಂದ ಮಗ್ಗ ಇತ್ತು, ಅದರ ಮುಂದ ಕೂಡೂದು ನನ್ನ ಗಂಡ. ನನಗ ಕೈತುಂಬ ಕೆಲಸ ಇರಲಿಲ್ಲ. ಓಣ್ಯಾಗಿನ ಐದ ಮಂದಿ ಹೆಣ್ಮಕ್ಕಳ ಚಾಚಾನ ಪಡಸಾಲ್ಯಾಗ ಹುಳಾ ಕಟ್ಟಾಕ ಹೋಗತಿದ್ರು, ನಾನೂ ಹೋಗತೀನಿ ಅಂದೆ. ನಮ್ಮ ಅತ್ತಿ ಕೂಗಾಡಿ ಮನಿ ತಲಿಮ್ಯಾಲ ಹೊತ್ತಳು. ಕೋಳಿ ಗರಿ ಮುಟ್ಟಿದ ಕೈಲೆ ಒಲಿ ಮುಟ್ಟತೀಯೇನ ಅಂತ. ಮರುದಿವಸ ಚಾಚಾನ ಬಂದ್ರು. ಹೊಸ್ತಲ ದಾಟಲಿಲ್ಲ. ಕಟ್ಟಿ ಕೆಳಗ ನಿಂತ, ‘ಅಕ್ಕಾರ, ಬರೇ ಗರಿ ಅಷ್ಟರಿ. ಸಾಬೂನಿನ ನೀರಾಗ ಮೂರ ಸಲ ತೊಳದದ್ದು. ನಿಮ್ಮ ಸೊಸಿ ಮನಿಗೆ ಬರೋ ಮುಂದ ಕೈ ತೊಳಕೊಳ್ಳಾಕ ಒಂದ ಬ್ಯಾರೆ ತಂಬಗಿ ಇಡತೀನಿ, ಅದನ್ನ ಮತ್ತ ಯಾರೂ ಮುಟ್ಟೂದಿಲ್ಲ’ ಅಂದ್ರು. ನಮ್ಮ ಅತ್ತಿ ಹೂಂ ಅಂದ್ಲು. ಆ ತಂಬಗಿ ಎಂಟ ವರ್ಷ ಅಲ್ಲೇ ಇತ್ತು. ದಿನಾ ಸಂಜಿ ಐದಕ್ಕ ಅದನ್ನ ತುಂಬಿ, ಮ್ಯಾಲೊಂದ ಸಾಬೂನಿನ ಚೂರ ಇಟ್ಟ, ಬಾಗಲದಾಗ ಇಡತಿದ್ರು. ಒಂದ ದಿವಸ ತಪ್ಪಲಿಲ್ಲ. ಅವರ ಮಗಳ ಮದಿವಿ ದಿನಾನೂ ತಪ್ಪಲಿಲ್ಲ.

ಚಾಚಾ ಸಣ್ಣ ಹುಡುಗರಿದ್ದಾಗ ಜರಿ ಕೆಲಸಕ್ಕ ಮುಂಬೈಗೆ ಹೋಗಿದ್ದ ಮನುಷ್ಯಾ. ಅಲ್ಲಿ ಯಾವುದೋ ಕಾರಖಾನಿಯೊಳಗ ಈ ವಿದ್ಯಾ ಕಲತ, ಒಂದ ಕಂಪನಿ ಕೆಲಸ ಹಿಡಕೊಂಡ ಊರಿಗೆ ಬಂದ್ರು. ಪಡಸಾಲ್ಯಾಗ ಒಂದ ಉದ್ದ ಹಲಗಿ, ಹಲಗಿಗೆ ಆರ ಸಣ್ಣ ವೈಸು, ಅಂದ್ರ ಬಿಗಿಯಾಗಿ ಕಚ್ಚಿ ಹಿಡಿಯೋ ಕಬ್ಬಿಣದ ಇಕ್ಕಳ. ವೈಸಿನ ಬಾಯಾಗ ಮುಳ್ಳ ಕಚ್ಚಿಸಿ, ಅದಕ್ಕ ಮೇಣ ಹಚ್ಚಿದ ರೇಷ್ಮಿ ಎಳಿ ಸುತ್ತಬೇಕು. ಬಾಲಕ್ಕ ಮೂರ ಕೂದಲಿನಷ್ಟ ಗರಿ. ಹೊಟ್ಟಿಗೆ ಉಣ್ಣಿ. ಎರಡ ರೆಕ್ಕಿ ನೆಟ್ಟಗ ನಿಲ್ಲಬೇಕು. ಕಡೀಕ ಹುಂಜದ ಕುತ್ತಿಗಿ ಗರಿ ಗರಗರ ಸುತ್ತಿದ್ರ ಅದ ಸುತ್ತಲೂ ಕಾಲ ಚಾಚಿದಂಗ ಅರಳತಿತ್ತು. ಆ ಕಾಲಿನ ಮ್ಯಾಲ ಹುಳಾ ನೀರಿಗೆ ಕೂಡಬೇಕು. ಮುಳಗಬಾರದು.

‘ಹೊಳ್ಯಾಗ ಆದ್ರ ನೀರ ಓಡತೈತಿ, ಮೀನಕ್ಕ ವಿಚಾರ ಮಾಡಾಕ ಪುರಸೊತ್ತ ಇರೂದಿಲ್ಲ. ಇದ ಕೆರಿ ಮೀನ. ಕೆಳಗ ನಿಂತ ಸಾವಕಾಶ ನೋಡತೈತಿ. ನಿಮ್ಮ ಅತ್ತಿ ಇದ್ದಂಗ ತಿಳೀರಿ. ಒಂದ ಎಳಿ ಹೆಚ್ಚಾದ್ರ ಹಿಡದ ಬಿಡತೈತಿ’ ಅಂತಿದ್ರು. ನಾವು ಬಾಯಿಗೆ ಸೆರಗ ಹಿಡಕೊಂಡ ನಗತಿದ್ವಿ.

ಅಂಗಳದಾಗ ನೀರ ತುಂಬಿದ ಒಂದ ಪರಾತ ಇಡತಿದ್ರು. ನಾವು ಕಟ್ಟಿದ ಹುಳಾ ಎರಡ ಗೇಣ ಮ್ಯಾಲಿಂದ ಅದರಾಗ ಬಿಡಬೇಕು. ಹಗೂರಕ ಇಳದ ನೀರ ಮ್ಯಾಲ ನಿಂತ್ರ ಪಾಸ. ಒಂದ ಕಡೆ ವಾರಿ ಆದ್ರ, ಮುಳಗಿದ್ರ, ಬ್ಲೇಡ್ ಕೈಗೆ ಕೊಡತಿದ್ರು. ಎಳಿ ಕೊಯ್ದ ಎಲ್ಲಾ ಬಿಚ್ಚಿ ಮತ್ತ ಮೊದಲಿಂದ. ಅವರ ಕಾಯ್ದೆ ಒಂದ ಇತ್ತು, ಕಟ್ಟಿದವರ ಕೊಯ್ಯಬೇಕು. ತಾವು ಎಂದೂ ನಮ್ಮ ಹುಳಾ ಕೊಯ್ಯಲಿಲ್ಲ. ಒಬ್ಬರಿಗೂ ಬೈಲಿಲ್ಲ. ಸಿಟ್ಟ ಬಂದ್ರ ಚಷ್ಮಾ ತಗದ ಅಂಗಿ ತುದೀಲೆ ಒರಸತಿದ್ರು, ಅಷ್ಟ. ಚಷ್ಮಾ ಕೈಗೆ ಬಂತಂದ್ರ ನಾವು ಆರೂ ಮಂದಿ ಗಪ್ಪ ಚಿಪ್ಪ.

ಗ್ವಾಡಿ ಮ್ಯಾಲ ಕಂಪನಿಯವರ ಒಂದ ಹಳೇ ಕ್ಯಾಲೆಂಡರ್ ಇತ್ತು. ಹಿಂದ ಬರ್ಫದ ಗುಡ್ಡ, ಮುಂದ ನೀಲಿ ಕೆರಿ, ಒಬ್ಬ ಮುದಕ ನೀರಾಗ ನಿಂತ ಚುಕ್ಕಿ ಮೀನ ಎರಡೂ ಕೈಲೆ ಹಿಡದಾನ. ವರ್ಷ ಮುಗದ್ರೂ ಅದನ್ನ ತಗೀಲಿಲ್ಲ. ಒಮ್ಮೆ ಮುಂಬೈಯವರು ಫೋನ್ ಮಾಡಿದಾಗ, ಅಲ್ಲಿ ಮಂದಿ ಹಿಡದ ಮೀನ ಮತ್ತ ನೀರಿಗೆ ಬಿಡತಾರ ಅಂತ ಹೇಳಿದ್ರಂತ. ಚಾಚಾಗ ತಡಕೊಳ್ಳಾಕ ಆಗಲಿಲ್ಲ. ‘ಅಲ್ಲಾ, ಬಿಡೂದಾದ್ರ ಹಿಡಿಯೂದು ಯಾಕರಿ? ಅದರ ಬಾಯಿ ಹರದ ಹೋಗೂದಿಲ್ಲೇನು?’ ಅಂತ ಎರಡ ದಿವಸ ಒಂದ ಸವನ ಅಂದ್ರು. ಮೂರನೇ ದಿವಸ ತಾವ ಸಮಾಧಾನ ಮಾಡಕೊಂಡ್ರು, ‘ಹೋಗಲಿ ಬಿಡ್ರಿ, ಜೀವಂತ ಅರ ಇರತೈತಿ’ ಅಂತ. ಆವತ್ತಿಂದ ಅವರ ಕೈ ಇನ್ನಷ್ಟ ಸಣ್ಣಗ ಕಟ್ಟಾಕ ಹತ್ತಿತು.

ನಾವು ಕಟ್ಟತಿದ್ದ ಹುಳದ ಖರೇ ರೂಪ ಹ್ಯಾಂಗ ಇರತೈತಿ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಒಂದ ವರ್ಷ ಮಳಿಗಾಲ ಸುರು ಆದ ಹೊಸದಾಗಿ ಚಾಚಾ ಒಂದ ಟೆಂಪೋ ಮಾತಾಡಿದ್ರು. ಆರೂ ಮಂದಿನ ಕರಕೊಂಡ, ನರೇಗಲ್ ದಾಟಿ, ರೋಣ ದಾಟಿ, ನರಗುಂದದ ಗುಡ್ಡದ ಕೆಳಗ ಚಾ ಕುಡಿಸಿ, ಕೊಣ್ಣೂರ ಸೇತುವಿ ಹತ್ರ ಮಲಪ್ರಭಾ ದಂಡ್ಯಾಗ ಇಳಿಸಿದ್ರು. ಚಾಚಿ, ಅಂದ್ರ ಅವರ ಹೆಂಡತಿ, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಿದ್ಲು. ಹೊತ್ತ ಮುಣಗೋ ಮುಂದ ನೀರಿನಿಂದ ಒಂದೊಂದ ಹುಳಾ ಏಳಾಕ ಹತ್ತಿದವು. ಆಮ್ಯಾಲ ಹಿಂಡಗಟ್ಟಲೆ. ಥೇಟ ನಮ್ಮವ! ಅದ ನೆಟ್ಟನ ರೆಕ್ಕಿ, ಅದ ಕೂದಲಿನಂಥ ಬಾಲ. ನಾವು ‘ಅಯ್ಯ ನನ್ನವ್ವ!’ ಅಂತ ಚೀರಿದ್ವಿ. ಒಬ್ಬಾಕಿ ಅಂತೂ, ‘ಚಾಚಾ, ಇವನ್ನ ಯಾರ ಕಟ್ಯಾರ್ರಿ?’ ಅಂತ ಕೇಳಿಬಿಟ್ಲು.

ಚಾಚಾ ನಗಲಿಲ್ಲ. ಒಂದನ್ನ ಹಿಡದ ನನ್ನ ಅಂಗೈ ಮ್ಯಾಲ ಬಿಟ್ರು. ‘ನೋಡ ಯವ್ವಾ, ಇದಕ್ಕ ಬಾಯಿಲ್ಲ. ನೀರೊಳಗ ಇರೋತನಕ ಬಾಯಿ ಇರತೈತಿ, ತಿಂತೈತಿ. ರೆಕ್ಕಿ ಬಂದ ದಿವಸ ಬಾಯಿ ಮುಚ್ಚಿ ಹೋಗತೈತಿ. ಉಣ್ಣಾಂಗಿಲ್ಲ, ಕುಡ್ಯಾಂಗಿಲ್ಲ. ಒಂದ ದಿವಸ ಹಾರ್ಯಾಡಿ ಹೋಗಿಬಿಡತೈತಿ. ಮುಂಬೈಯ್ಯಾಗ ನನ್ನ ಉಸ್ತಾದ ಹೇಳಿದ್ದ, ನಾ ನಂಬಿರಲಿಲ್ಲ.’ ಅವರ ಕಣ್ಣಾಗ ನೀರಿತ್ತು. ಹೊಳಿ ಗಾಳಿಗೆ ಇರಬೇಕು ಅಂತ ನಾ ಆಗ ತಿಳಕೊಂಡೆ.

ಈಗ ನನ್ನ ಮಾತಿಗೆ ಬರತೀನಿ.

ಪ್ರತಿ ವರ್ಷ ಮಹಾನವಮಿಗೆ ನಾವು ಚಾಚಾನ ಪಡಸಾಲ್ಯಾಗ ಖಂಡೇ ಪೂಜಿ ಮಾಡತಿದ್ವಿ. ದುಡಿಯೋ ಸಾಮಾನೆಲ್ಲಾ ತಿಕ್ಕಿ ತೊಳದ, ಅರಿಷಿಣ ಕುಂಕುಮ ಏರಿಸೋ ಹಬ್ಬ. ವೈಸಿಗೆ, ಕತ್ತರಿಗೆ ಪೂಜಿ ಆಗತಿತ್ತು. ಚೆಂಡಹೂವು, ಬಾಳೇಹಣ್ಣು ತರೂದು ಚಾಚಾನ. ‘ಅನ್ನ ಕೊಡೋ ಕೆಲಸಕ್ಕ ಕೈ ಮುಗಿಯೂದು ಎಲ್ಲಾರಿಗೂ ಒಂದ ಐತಿ’ ಅಂತಿದ್ರು. ಆದ್ರ ಹಬ್ಬದ ಹಿಂದಿನ ದಿವಸಾನ ಮುಳ್ಳಿನ ಪಾಕೀಟಗೋಳ ತಗದ ಕಪಾಟಿನಾಗಿಟ್ಟ ಕೀಲಿ ಹಾಕತಿದ್ರು. ‘ಮುಳ್ಳಿಗೆ ಈಗ ನೀರ ತೋರಸಬ್ಯಾಡ್ರಿ. ಅದರ ನಸೀಬದಾಗ ಮುಂದ ನೀರ ಇದ್ದ ಐತಿ’ ಅಂತ ಹೇಳತಿದ್ರು.

ಆ ವರ್ಷ ಹಬ್ಬದ ಹೊತ್ತಿಗೆ ಅವರ ಅಕ್ಕಗ ಆರಾಮ ಇಲ್ಲಂತ ಚಾಚಿನ್ನ ಕರಕೊಂಡ ನರಗುಂದಕ್ಕ ಹೋದ್ರು. ಕೀಲಿ ನನ್ನ ಕೈಗೆ ಕೊಟ್ಟ ಹೋದ್ರು. ಆರ ಮಂದ್ಯಾಗ ನನ್ನ ಕೈಗೆ! ನನ್ನ ಎದಿ ಉಬ್ಬಿತು. ಅಲ್ಲೇ ನನ್ನ ಬುದ್ಧಿ ಹಾಳಾತು. ಎಲ್ಲಾದಕ್ಕೂ ಪೂಜಿ ಐತಿ, ಖರೇ ಅನ್ನ ಕೊಡೂದು ಮುಳ್ಳ, ಅದಕ್ಕ ಮಾತ್ರ ಇಲ್ಲ ಅಂದ್ರ ಹ್ಯಾಂಗ ಅಂತ ಕಪಾಟ ತಗದೆ. ಮುಳ್ಳಿನ ಮ್ಯಾಲ ಕಂದ ಬಣ್ಣದ ಒಂದ ಲೇಪ ಇರತೈತಿ. ಜಂಗ ಹಿಡೀಬಾರದಂತ ಕಂಪನಿಯವರ ಹಚ್ಚಿದ್ದು. ಅದ ನನಗೇನ ಗೊತ್ತು? ಜಿಡ್ಡ ಕುಂತೈತಿ ಅಂತ ತಿಳದೆ. ಹಬ್ಬಕ್ಕ ತಾಮ್ರದ ಕೊಡಾ ತಿಕ್ಕತೀವಲ್ಲ, ಹಂಗ ಹುಣಸಿ ಹಣ್ಣಿನ ನೀರಾಗ ನೆನಿ ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗ ಹೊಳ್ಯೂವಂಗ ಮಾಡಿದೆ. ಬಿಸಲಿಗೆ ಒಣಗಿಸಿ, ಮತ್ತ ಪಾಕೀಟನ್ಯಾಗ ತುಂಬಿ, ಪಾಕೀಟಿಗೆ ಅರಿಷಿಣ ಕುಂಕುಮ ಏರಿಸಿ, ಕೈ ಮುಗದ ಕೀಲಿ ಹಾಕಿದೆ. ಉಳದವರು ಮನಿ ಮನಿಗೆ ಹಬ್ಬಕ್ಕ ಹೋಗಿದ್ರು. ಒಬ್ಬರೂ ನೋಡಲಿಲ್ಲ.

ಚಾಚಾ ಬಂದ ಮ್ಯಾಲ ಅದ ಮುಳ್ಳಿಗೆ ಹುಳಾ ಕಟ್ಟಾಕ ಸುರು ಮಾಡಿದ್ವಿ. ಪಾಕೀಟ ಒಡದ ಮುಳ್ಳ ಎಣಸಿ ಹಂಚೂದು ನಾನ, ಅರಿಷಿಣ ಹಚ್ಚಿದ ಪಾಕೀಟ ಉಳದವರ ಕಣ್ಣಿಗೆ ಬೀಳಲಿಲ್ಲ. ಅವರ ಕಣ್ಣಿಗೆ ಆಗ ಮೋತಿಬಿಂದು ಬರಾಕ ಹತ್ತಿತ್ತು. ಒಂದ ಮುಳ್ಳ ಬೆಳಕಿಗೆ ಹಿಡದ, ‘ಈ ಸಲದ ಮಾಲ ಭಾಳ ಹೊಳೀತೈತಲ್ಲ ಯವ್ವಾ?’ ಅಂದ್ರು. ಆಗ ಹೇಳಬೇಕಿತ್ತು ನಾ. ಕೀಲಿ ಕೊಟ್ಟ ನಂಬಿದವರ ಮಾತ ಮೀರಿದ್ದೆ, ಅಂಜಿಕಿ ಆತು. ‘ಹೊಸಾ ನಮೂನಿ ಇರಬೇಕ್ರಿ ಚಾಚಾ’ ಅಂದುಬಿಟ್ಟೆ. ನಾಲಗಿ ಹೊರಳಿದ್ದು ನನಗ ಗೊತ್ತಾಗಲಿಲ್ಲ. ಅವರು ‘ಹಂಗಿದ್ರ ಇರಬೇಕು’ ಅಂತ ಮುಳ್ಳ ಕೆಳಗಿಟ್ರು.

ನಾಕ ತಿಂಗಳಿಗೆ ಮುಂಬೈಯಿಂದ ಕಂಪನಿ ಮನುಷ್ಯಾ ಬಂದಾ. ನಾವು ಆರೂ ಮಂದಿ ಹಲಗಿ ಮುಂದ ಕುಂತಿದ್ವಿ. ಚೀಲದಿಂದ ನಮ್ಮವ ನಾಕೈದ ಹುಳಾ ತಗದ ಹಲಗಿ ಮ್ಯಾಲಿಟ್ಟಾ. ಒಂದನ್ನ ಎರಡ ಬೆರಳಿನಾಗ ಹಿಡದ ಒತ್ತಿದಾ. ಟಿಕ್ ಅಂತ ಮುರೀತು. ಎಳಿ ಬಿಚ್ಚಿ ತೋರಿಸಿದಾ, ಒಳಗೆಲ್ಲಾ ಕೆಂಪ ಜಂಗ. ಮೀನ ಹಿಡದ ಕೂಡ್ಲೆ ಮುಳ್ಳ ಮುರದ ಅದರ ಬಾಯಾಗ ಉಳದಾವಂತ, ಮಾಲ ಎಲ್ಲಾ ಹೊಳ್ಳಿ ಬಂದೈತಂತ. ‘ಮುಳ್ಳ ಯಾರ ಕೈಯಾಗಿದ್ದವು?’ ಅಂತ ಕೇಳಿದಾ.

ನನ್ನ ಕೈಯಾಗಿನ ಹುಳಾ ಮುಗದಿತ್ತು. ಆದ್ರೂ ನಾ ಅದರ ಮ್ಯಾಲ ಎಳಿ ಸುತ್ತಕೋತ ಇದ್ದೆ. ತಲಿ ಎತ್ತಲಿಲ್ಲ.

‘ನನ್ನ ಕೈಯಾಗರಿ’ ಅಂದ್ರು ಚಾಚಾ. ‘ಈಗೀಗ ಕಣ್ಣ ಕಾಣೂದಿಲ್ಲ. ಹಸೀ ಜಾಗಾದಾಗ ಇಟ್ಟಿದ್ದೆ, ಗೊತ್ತಾಗಲಿಲ್ಲ. ಹೆಣ್ಮಕ್ಕಳದು ಏನೂ ಇಲ್ರಿ ಅದರಾಗ.’

‘ಕಣ್ಣ ಕಾಣದವರಿಗೆ ಈ ಕೆಲಸ ಅಲ್ಲ ಬಿಡ್ರಿ’ ಅಂದಾ ಆ ಮನುಷ್ಯಾ. ವೈಸು ಬಿಚ್ಚಕೊಂಡ ಹೋದಾ. ಮೂವತ್ತ ವರ್ಷದ ಕೆಲಸ ಅರ್ಧಾ ತಾಸಿನ್ಯಾಗ ಮುಗೀತು. ಅಂವ ಹೋದ ಮ್ಯಾಲ ಚಾಚಾ ಚಷ್ಮಾ ತಗದ ಒರಸಾಕ ಹತ್ತಿದ್ರು. ಒರಸಿದ್ರು, ಒರಸಿದ್ರು, ಹಾಕ್ಕೊಳ್ಳಲ ಇಲ್ಲ. ಐದಾತು. ಎದ್ದ ಹೋಗಿ ತಂಬಗಿ ತುಂಬಿ ಬಾಗಲದಾಗ ಇಟ್ರು. ನಾ ಕೈ ತೊಳಕೊಂಡ ಮನಿಗೆ ಬಂದೆ.

ಆಮ್ಯಾಲ ಒಬ್ಬೊಬ್ಬರದು ಒಂದೊಂದ ದಾರಿ ಆತು. ನಾವು ರೋಣಕ್ಕ ಬಂದ್ವಿ. ಚಾಚಾ ಸೀರಿ ಸೆರಗಿಗೆ ಕುಚ್ಚ ಕಟ್ಟಾಕ ಹಿಡದ್ರು. ಅವರ ಕುಚ್ಚ ನೋಡಿದ್ರ ಗುರ್ತ ಸಿಗತಿತ್ತು, ಒಂದೊಂದೂ ಅಳತಿ ಹಿಡದ ಕಟ್ಟಿದ್ದು. ಆದ್ರ ಕುಚ್ಚ ಕಟ್ಟೋ ಮುಂದ ಅವರು ಮಾತಾಡತಿರಲಿಲ್ಲಂತ. ಅತ್ತಿ ಸುದ್ದಿ ಇಲ್ಲ, ಮೀನಿನ ಸುದ್ದಿ ಇಲ್ಲ. ವರ್ಷಕ್ಕೊಮ್ಮೆ ಹೋದಾಗ ಚಾಚಿ ಇದನ್ನ ಹೇಳತಿದ್ಲು. ನಾ ಕೇಳಿಸಿಕೊಂಡ ಸುಮ್ಮನ ಬರತಿದ್ದೆ.

ಎರಡ ವರ್ಷದ ಹಿಂದ ಅವರ ಕಣ್ಣ ಆಪರೇಷನ್ ಆತು. ನೋಡಾಕ ಹೋದೆ. ಕರೀ ಚಷ್ಮಾ ಹಾಕ್ಕೊಂಡ ಅದ ಪಡಸಾಲ್ಯಾಗ ಕುಂತಿದ್ರು. ಬರೋ ದಾರ್ಯಾಗ ಬಸ್ಸಿನ್ಯಾಗ ಕುಂತ, ಹ್ಯಾಂಗ ಹೇಳಬೇಕು ಅಂತ ನೂರ ಸಲ ಬಾಯಿಪಾಠ ಮಾಡಿದ್ದೆ. ‘ಚಾಚಾ, ಒಂದ ಮಾತ ಹೇಳೂದೈತ್ರಿ. ಆ ಮುಳ್ಳಿಂದು…’ ಅಂದೆ.

‘ಚಾ ಆರತೈತಿ ಯವ್ವಾ, ಕುಡಿ’ ಅಂದ್ರು.

‘ಅಲ್ರಿ ಚಾಚಾ, ಆ ಖಂಡೇ ಪೂಜಿ ದಿವಸ…’

‘ಕುಡಿ ಅಂದೆ.’ ಕರೀ ಚಷ್ಮಾ ತಗದ ಅಂಗಿ ತುದೀಲೆ ಒರಸಾಕ ಹತ್ತಿದ್ರು.

ನಾ ಚಾ ಕುಡದೆ. ಎದ್ದ ಬಂದೆ. ಅವರಿಗೆ ಏನೂ ಗೊತ್ತಿಲ್ಲ, ಮುದಕರು, ಹಳೇ ಸುದ್ದಿ ಬ್ಯಾಡಾಗಿರಬೇಕು ಅಂತ ನನ್ನ ಮನಸ್ಸಿಗೆ ನಾನ ಹೇಳಿಕೊಂಡೆ. ಆ ಚಷ್ಮಾ ಒರಸೂದರ ಅರ್ಥ ನನಗಿಂತ ಹೆಚ್ಚ ಯಾರಿಗೆ ಗೊತ್ತಿತ್ತು? ಗೊತ್ತಿದ್ದೂ ಗೊತ್ತಿಲ್ಲದಂಗ ಬಂದೆ.

ಸತ್ತ ಸುದ್ದಿ ಕೇಳಿದ ಮರುದಿವಸ ಗಜೇಂದ್ರಗಡಕ್ಕ ಹೋದೆ. ಪಡಸಾಲ್ಯಾಗ ಹಲಗಿ ಹಂಗ ಇತ್ತು, ವೈಸಿನ ತೂತ ಆರೂ ಹಂಗ ಇದ್ದವು. ಚಾಚಿ ನನ್ನ ತಬ್ಬಕೊಂಡ ಅತ್ಲು. ಆಮ್ಯಾಲ ಒಳಗ ಹೋಗಿ ಒಂದ ತಗಡಿನ ಡಬ್ಬಿ ತಂದ ನನ್ನ ಉಡ್ಯಾಗ ಇಟ್ಲು. ‘ಇದ ನಿಂದು. ಅಕಿ ಬಂದ್ರ ಕೊಡು ಅಂದಿದ್ರು.’

ಡಬ್ಬ್ಯಾಗ ಒಂದ ಮುಳ್ಳಿನ ಪಾಕೀಟ ಇತ್ತು. ಪಾಕೀಟಿನ ಮ್ಯಾಲ ಅರಿಷಿಣ, ಅದರ ನಡುವ ಕುಂಕುಮದ ಬಟ್ಟ. ನನ್ನ ಬೆರಳಿನ ಗುರ್ತ. ಬಣ್ಣ ಮಾಸಿತ್ತು, ಆದ್ರ ಹೋಗಿರಲಿಲ್ಲ.

‘ಆ ಕಂಪನಿ ಮನುಷ್ಯಾ ಬರತಾನಂತ ತಿಳದ ದಿವಸ ಕಪಾಟ ತಗದ ನೋಡಿದ್ರು’ ಅಂದ್ಲು ಚಾಚಿ. ‘ಇದ ಸಿಕ್ತು. ಮೂಸಿ ನೋಡಿ, ಹುಣಸಿ ಹಣ್ಣು ಅಂದ್ರು. ಕೀಲಿ ಯಾರ ಕೈಯಾಗ ಇತ್ತು ಅನ್ನೂದು ಗೊತ್ತಿದ್ದದ್ದ. ಒಯ್ದ ಜ್ವಾಳದ ಡಬ್ಬ್ಯಾಗ ಮುಚ್ಚಿಟ್ರು. ಕುಂಕುಮ ನೋಡಿದ್ರ ಅಂವ ಹೆಣ್ಮಕ್ಕಳ ಹೆಸರ ಕೇಳತಾನ ಅಂತ.’

‘ಮತ್ತ ನಾ ಹೇಳಾಕ ಬಂದಾಗ ಯಾಕ ಹೇಳಗೊಡಲಿಲ್ರಿ ಚಾಚಿ?’

‘ನಾನೂ ಅವರನ್ನ ಅದನ್ನ ಕೇಳಿದೆ’ ಅಂದ್ಲು ಚಾಚಿ. ‘ಅಕಿ ಹೇಳಿದ್ರ ನಾನೂ ಏನರ ಅನಬೇಕಾಗತಿತ್ತು, ನನಗ ಸಿಟ್ಟ ಇನ್ನೂ ಹೋಗಿಲ್ಲ, ಬಾಯಿಂದ ಏನ ಬರತಿತ್ತೋ ಯಾರಿಗೆ ಗೊತ್ತು ಅಂದ್ರು. ಮುಳ್ಳ ತಿಕ್ಕಿದ್ದಕ್ಕ ಅಲ್ಲ ತಂಗಿ. ತಿಳೀಲಾರದ ಮಾಡಿದ್ಲು, ದೇವರಿಗಂತ ಮಾಡಿದ್ಲು ಅಂತಿದ್ರು. ಹೊಳೀತೈತಲ್ಲ ಅಂತ ಅಕಿನ್ನ ಕೇಳಿದ್ದೆ, ಅಕಿ ನನ್ನ ಕಣ್ಣಿಗೆ ಸುಳ್ಳ ಹೇಳಿದ್ಲು. ಅಷ್ಟ ಅಂದ್ರು.’

ಪಾಕೀಟಿನ ಕೆಳಗ ಹತ್ತಿಯೊಳಗ ಒಂದ ಹುಳಾ ಇತ್ತು. ಅವರದ ಕೈಲೆ ಕಟ್ಟಿದ್ದು. ಎಳಿ ಅಲ್ಲಲ್ಲೆ ಏರಿತ್ತು, ಒಂದ ರೆಕ್ಕಿ ವಾರಿ ಆಗಿತ್ತು. ಮುಳ್ಳ ಅದ ಪಾಕೀಟಿಂದು, ಬೆಳ್ಳಗಿದ್ದದ್ದು ಕೆಂಪಗಾಗಿತ್ತು. ‘ಹ್ವಾದ ವರ್ಷ ಕಟ್ಟಿದ್ರು’ ಅಂದ್ಲು ಚಾಚಿ. ‘ಕೈ ನಡಗತಿದ್ದವು. ಮೂರ ದಿವಸ ಹಿಡೀತು.’

‘ಆಗ ಸಿಟ್ಟ ಹೋಗಿತ್ತೇನ್ರಿ?’

‘ಅದನ್ನ ನಾ ಕೇಳಲಿಲ್ಲವ್ವ.’

ಅಂಗಳದಾಗ ಪರಾತ ಗ್ವಾಡಿಗೆ ಆನಿಸಿ ಇಟ್ಟಿದ್ರು. ನೀರ ತುಂಬಿದೆ. ಎರಡ ಗೇಣ ಮ್ಯಾಲಿಂದ ಹುಳಾ ಬಿಟ್ಟೆ. ಹಗೂರಕ ಇಳೀತು, ಕಾಲ ಚಾಚಿ ನೀರ ಮ್ಯಾಲ ನಿಂತಿತು. ಎಂಟ ಹತ್ತ ಎಣಸೂವಷ್ಟರಾಗ ರೆಕ್ಕಿ ವಾರಿದ್ದ ಕಡೆ ವಾಲಿತು, ಮುಳ್ಳಿನ ಭಾರಕ್ಕ ಮೆಲ್ಲಕ ತಳಕ್ಕ ಹೋತು. ತಗದ ಸೆರಗಿಲೆ ಒರಸಿದೆ. ಕಟ್ಟಿದವರ ಕೊಯ್ಯಬೇಕು. ಕಟ್ಟಿದವರು ಇಲ್ಲ. ಅದನ್ನ ಅಂಗೈಯಾಗ ಇಟಗೊಂಡ ಪರಾತಿನ ಮುಂದ ಕುಂತಬಿಟ್ಟೆ.

ಬಸ್ಸಿನ್ಯಾಗ ಬಾಯಿಪಾಠ ಮಾಡಿದ್ದ ಮಾತೆಲ್ಲಾ ಮರತ ಹೋಗಿದ್ದವು. ‘ಚಾಚಾ, ಅದ ಹೊಸಾ ನಮೂನಿ ಅಲ್ರಿ. ನಾನ ತಿಕ್ಕಿದ್ದೆ. ನಿಮಗ ಸುಳ್ಳ ಹೇಳಿದೆ’ ಅಂದೆ. ದೊಡ್ಡ ದನೀಲೆ ಅಂದೆ, ಓಣಿಗೆಲ್ಲಾ ಕೇಳೂವಂಗ.

ಚಾಚಿ ಬಾಗಲದಾಗ ನಿಂತಿದ್ಲು. ನನ್ನ ಕಡೆ ನೋಡಲಿಲ್ಲ, ಹಲಗಿ ಕಡೆ ನೋಡಿದ್ಲು. ‘ಇದನ್ನ ಅವರು ಕೇಳಬೇಕಿತ್ತು’ ಅಂದ್ಲು.